ಬಣ್ಣದ ಹೆಸರಲ್ಲ, ಟ್ಯೂಬಿನ ಮೇಲಿನ ಕೋಡ್ ನೋಡಿ

ಗೆಳೆಯರೇ, ವಾಟರ್ ಕಲರ್ ಕೊಳ್ಳುವಾಗ ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿರುವ ಪಿಗ್ಮೆಂಟ್ ಕೋಡ್, ಅಂದರೆ ಒಳಗೆ ಯಾವ ಬಣ್ಣದ ಪುಡಿ ಇದೆ ಎಂದು ಹೇಳುವ ಗುರುತು, ಓದಿ. ಅಲ್ಟ್ರಾಮರೀನ್ ನೀಲಿ ಅಂದರೆ ಪಿಬಿ 29. ಟ್ಯೂಬಿನ ಮೇಲೆ ಒಂದು ಕೋಡ್ ಮಾತ್ರ ಇರುವ ಬಣ್ಣಗಳು ಬೆರೆಸಿದಾಗ ಬೇಗ ಕೆಸರಾಗುವುದಿಲ್ಲ. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪಿನ ಬಗ್ಗೆ ಮಾತ್ರ ಹುಷಾರು. ಪಿಆರ್ 83 ಅಂತಿದ್ದರೆ ಅದು ಬೆಳಕಿಗೆ ಮಾಸುತ್ತದೆ. ನಾನು ಆಸೆಪಟ್ಟು ಬಿಡಿಸಿದ ದಾಸವಾಳ ಗೋಡೆಯ ಮೇಲೇ ಬಿಳಿಚಿಕೊಂಡಿತು, ಎಲೆಗಳಷ್ಟೇ ಹಸಿರಾಗಿ ಉಳಿದವು. ತುಂಬಾ ಬೇಜಾರಾಯಿತು. ಈಗ ಕ್ವಿನಾಕ್ರಿಡೋನ್ ರೋಸ್, ಅಂದರೆ ಪಿವಿ 19 ಬಳಸುತ್ತೇನೆ.

ಅನುಮಾನ ಇದ್ದರೆ ಕಾಗದದ ಮೇಲೆ ಒಂದು ಪಟ್ಟಿ ಬಳಿಯಿರಿ. ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಎರಡು ಮೂರು ತಿಂಗಳು ಅಂಟಿಸಿಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ದುಡ್ಡು ಕಡಿಮೆಯೇ? 24 ಬಣ್ಣದ ಅಗ್ಗದ ಸೆಟ್ ಸುಮ್ನೆ ಬೇಡ. ಆರ್ಟಿಸ್ಟ್ ಗ್ರೇಡ್‌ನ, ಅಂದರೆ ಕಲಾವಿದರು ಬಳಸುವ ಉತ್ತಮ ದರ್ಜೆಯ, ಮೂರೇ ಟ್ಯೂಬ್ ತಗೊಳ್ಳಿ: ಒಂದು ನೀಲಿ, ಒಂದು ಹಳದಿ, ಒಂದು ಗುಲಾಬಿ.