ಗರ್ಭಕೋಶದ ಫೈಬ್ರಾಯ್ಡ್: ಲಕ್ಷಣ ಗುರುತಿಸುವುದು ಹೇಗೆ, ಚಿಕಿತ್ಸೆ ನಿರ್ಧರಿಸುವುದು ಹೇಗೆ?

ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ‘ಫೈಬ್ರಾಯ್ಡ್’ ಎಂಬ ಪದ ಕಂಡೊಡನೆ ಗರ್ಭಕೋಶವನ್ನೇ ತೆಗೆಸಬೇಕಾದೀತೆಂದು ಗಾಬರಿಯಾಗುವವರು ಬಹಳ. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಇದನ್ನು ಬೆಳೆಸುವುದರಿಂದ 30ರಿಂದ 50ರ ವಯಸ್ಸಿನಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಂಡು, ಮುಟ್ಟು ನಿಂತ ಬಳಿಕ ಸಾಮಾನ್ಯವಾಗಿ ಕುಗ್ಗುತ್ತದೆ. ಗಡ್ಡೆಯಿದ್ದೂ ಯಾವ ತೊಂದರೆಯೂ ಇಲ್ಲದವರೇ ಹೆಚ್ಚು. ಅಂಥವರಿಗೆ ಚಿಕಿತ್ಸೆಯ ಅಗತ್ಯವೂ ಇರುವುದಿಲ್ಲ. ಆದ್ದರಿಂದ ಗಡ್ಡೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಏನು ತೊಂದರೆ ಕೊಡುತ್ತಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಮುಟ್ಟಿನ ಲೆಕ್ಕ ಬರೆದಿಡಿ

ವೈದ್ಯರ ಬಳಿ ಹೋಗಿ ‘ಬ್ಲೀಡಿಂಗ್ ಜಾಸ್ತಿ’ ಎಂದಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ತಿಳಿಯದು. ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಗುರುತು ಹಾಕಿಕೊಳ್ಳಿ: ಮುಟ್ಟು ಎಂದು ಶುರುವಾಯಿತು, ಎಂದು ನಿಂತಿತು, ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಬೇಕಾಯಿತು, ಅವು ಪೂರ್ತಿ ನೆನೆದಿದ್ದವೇ, ರಕ್ತ ಗಡ್ಡೆಗಡ್ಡೆಯಾಗಿ ಹೋಯಿತೇ, ರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಯಿತೇ. ಸ್ರಾವ ಏಳು ದಿನ ಮೀರುತ್ತಿದ್ದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆಯುತ್ತಿದ್ದರೆ, ಅಥವಾ ಆ ದಿನಗಳಲ್ಲಿ ಹೊರಗೆ ಹೋಗುವುದನ್ನೇ ನೀವು ತಪ್ಪಿಸುತ್ತಿದ್ದರೆ ಅದು ಅತಿಸ್ರಾವ. ಹಲವರು ವರ್ಷಗಟ್ಟಲೆ ಇದನ್ನೇ ಸಹಜವೆಂದುಕೊಂಡು ಸಹಿಸಿರುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ತಲೆಸುತ್ತು ಬರತೊಡಗಿದಾಗ ಅದನ್ನು ಕೆಲಸದ ಆಯಾಸವೆಂದು ತಳ್ಳಿಹಾಕುತ್ತಾರೆ. ಅದು ರಕ್ತಹೀನತೆ ಇರಬಹುದು. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಪರಿಗಣಿಸಲಾಗುತ್ತದೆ.

ಇನ್ನು ಕೆಲವು ಲಕ್ಷಣಗಳು ಒತ್ತಡದಿಂದ ಬರುವಂಥವು. ಗಡ್ಡೆ ಮುಂದಕ್ಕೆ ಬೆಳೆದು ಮೂತ್ರಕೋಶವನ್ನು ಒತ್ತಿದರೆ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ; ಹಿಂದಕ್ಕೆ ಬೆಳೆದರೆ ಮಲಬದ್ಧತೆ, ಸೊಂಟನೋವು ಕಾಣಿಸಬಹುದು. ಕೆಳಹೊಟ್ಟೆ ಭಾರ, ಸಂಭೋಗದ ವೇಳೆ ನೋವು, ಕೆಲವರಲ್ಲಿ ಗರ್ಭ ನಿಲ್ಲದಿರುವುದು ಅಥವಾ ಮತ್ತೆ ಮತ್ತೆ ಗರ್ಭಪಾತವಾಗುವುದೂ ಇದೇ ಸಾಲಿಗೆ ಸೇರುತ್ತವೆ. ಇವೆಲ್ಲಕ್ಕೂ ಬೇರೆ ಕಾರಣಗಳೂ ಇರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಫೈಬ್ರಾಯ್ಡ್ ಎಂದು ತೀರ್ಮಾನಿಸಬಾರದು.

ಕಾಯಬಾರದ ಸಂದರ್ಭಗಳೂ ಇವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಾಣಿಸಿದರೆ, ಆ ವಯಸ್ಸಿನಲ್ಲಿ ಗಡ್ಡೆ ಬೆಳೆಯುತ್ತಿದ್ದರೆ, ಹಠಾತ್ತನೆ ಹೊಟ್ಟೆನೋವು ತೀವ್ರವಾದರೆ, ಮೂತ್ರ ಕಟ್ಟಿಕೊಂಡರೆ, ರಕ್ತಸ್ರಾವದೊಂದಿಗೆ ಕಣ್ಣು ಕತ್ತಲಿಟ್ಟರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ವರದಿಯಲ್ಲಿ ಏನನ್ನು ನೋಡಬೇಕು?

ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಸಾಕಾಗುತ್ತದೆ. ಗಡ್ಡೆಗಳು ಹಲವಿದ್ದಾಗ ಅಥವಾ ಶಸ್ತ್ರಚಿಕಿತ್ಸೆ ಯೋಜಿಸುವಾಗ ಎಂಆರ್‌ಐ ಬೇಕಾಗಬಹುದು. ವರದಿ ಕೈಗೆ ಬಂದಾಗ ಎಲ್ಲರ ಕಣ್ಣು ಸೆಂಟಿಮೀಟರಿನ ಅಂಕಿಯ ಮೇಲೇ ಬೀಳುತ್ತದೆ. ಅದರ ಪಕ್ಕದಲ್ಲಿ ಬರೆದಿರುವ ಜಾಗದ ವಿವರ ಅದಕ್ಕಿಂತ ಮುಖ್ಯ. ‘ಸಬ್‌ಮ್ಯೂಕಸ್’ ಎಂದಿದ್ದರೆ ಗಡ್ಡೆ ಗರ್ಭಕೋಶದ ಒಳಪದರದಡಿಯಿದ್ದು ಒಳಕ್ಕೆ ಚಾಚಿಕೊಂಡಿದೆ ಎಂದರ್ಥ. ಎರಡೇ ಸೆಂಟಿಮೀಟರ್ ಇದ್ದರೂ ಇದು ವಿಪರೀತ ರಕ್ತಸ್ರಾವಕ್ಕೆ, ಬಂಜೆತನಕ್ಕೆ ಕಾರಣವಾಗಬಲ್ಲದು. ‘ಇಂಟ್ರಾಮ್ಯೂರಲ್’ ಗೋಡೆಯೊಳಗಿನದು. ‘ಸಬ್‌ಸೀರಸ್’ ಹೊರಮೈಯಲ್ಲಿರುವುದು, ಅದು ಐದಾರು ಸೆಂಟಿಮೀಟರ್ ಬೆಳೆದರೂ ಮುಟ್ಟಿನಲ್ಲಿ ವ್ಯತ್ಯಾಸವೇ ಕಾಣದಿರಬಹುದು. ಯಾವ ಜಾಗದಲ್ಲಿದೆ ಎಂದು ವರದಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ಕೇಳಿ ತಿಳಿಯಿರಿ.

ಚಿಕಿತ್ಸೆಯ ಆಯ್ಕೆ

ತೊಂದರೆಯಿಲ್ಲದಿದ್ದರೆ ವೈದ್ಯರು ಹೇಳಿದ ಅವಧಿಗೆ ಮರುಪರೀಕ್ಷೆ ಮಾಡಿಸಿಕೊಂಡಿದ್ದರೆ ಸಾಕು. ರಕ್ತಸ್ರಾವವೇ ಮುಖ್ಯ ತೊಂದರೆಯಾಗಿದ್ದಲ್ಲಿ ಔಷಧದಿಂದ ಆರಂಭಿಸುವುದು ರೂಢಿ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಸ್ರಾವದ ದಿನಗಳಲ್ಲಷ್ಟೇ ಸೇವಿಸಲಾಗುತ್ತದೆ. ಹಿಂದೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ತಪ್ಪದೆ ಹೇಳಬೇಕು, ಏಕೆಂದರೆ ಅಂಥವರಿಗೆ ಈ ಮಾತ್ರೆ ಸಲ್ಲದು. ಮೆಫೆನಾಮಿಕ್ ಆಸಿಡ್ ನೋವನ್ನೂ ತಕ್ಕಮಟ್ಟಿಗೆ ಸ್ರಾವವನ್ನೂ ತಗ್ಗಿಸುತ್ತದೆ. ಗರ್ಭಕೋಶದೊಳಗೆ ಅಳವಡಿಸುವ, ಲೆವೊನಾರ್ಜೆಸ್ಟ್ರೆಲ್ ಹಾರ್ಮೋನಿರುವ ಸಾಧನ ಕೆಲವು ವರ್ಷ ಕೆಲಸ ಮಾಡುತ್ತದೆ, ಆದರೆ ಗರ್ಭಕೋಶದ ಒಳಾಕಾರ ಕೆಟ್ಟಿದ್ದರೆ ಅದು ಜಾರಿ ಹೊರಬರುವುದುಂಟು. ಇವು ಯಾವುವೂ ಗಡ್ಡೆಯನ್ನು ಕರಗಿಸುವುದಿಲ್ಲ ಎಂಬುದನ್ನು ಆರಂಭದಲ್ಲೇ ತಿಳಿದಿದ್ದರೆ ಮುಂದೆ ನಿರಾಶೆಯಾಗದು. ಗಡ್ಡೆಯನ್ನು ಕುಗ್ಗಿಸುವ ಲ್ಯೂಪ್ರೊಲೈಡ್‌ನಂಥ ಚುಚ್ಚುಮದ್ದುಗಳು ಮೂಳೆ ಸವೆಸುವುದರಿಂದ ಅವುಗಳನ್ನು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವೇ ತಿಂಗಳು ಕೊಡುತ್ತಾರೆ. ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹಿಮೋಗ್ಲೋಬಿನ್ ಸರಿಹೋದೊಡನೆ ಬಿಡದೆ ವೈದ್ಯರು ಹೇಳಿದಷ್ಟು ಕಾಲ ಮುಂದುವರಿಸಬೇಕು.

ಔಷಧ ಸಾಲದಿದ್ದಾಗ, ಮುಂದೆ ಮಗು ಬೇಕೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಬೇಕೆನ್ನುವವರಿಗೆ ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ ಇದೆ. ಒಳಕ್ಕೆ ಚಾಚಿದ ಗಡ್ಡೆಯನ್ನು ಯೋನಿಯ ಮೂಲಕ ಕ್ಯಾಮೆರಾ ನಳಿಕೆ ತೂರಿಸುವ ಹಿಸ್ಟೆರೋಸ್ಕೋಪಿಯಿಂದ ಹೊಟ್ಟೆ ಕೊಯ್ಯದೆಯೇ ತೆಗೆಯಬಹುದು. ಉಳಿದವಕ್ಕೆ ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನಷ್ಟೇ ಮಾಡುವ ಲ್ಯಾಪರೋಸ್ಕೋಪಿ ಅಥವಾ ತೆರೆದ ಶಸ್ತ್ರಚಿಕಿತ್ಸೆ. ಹೊಸ ಗಡ್ಡೆಗಳು ಹುಟ್ಟುವ ಸಾಧ್ಯತೆ ಮಾತ್ರ ಉಳಿದೇ ಇರುತ್ತದೆ. ಗಡ್ಡೆಗೆ ರಕ್ತ ಹರಿಸುವ ನಾಳಗಳನ್ನು ಸೂಕ್ಷ್ಮ ಕಣಗಳಿಂದ ಮುಚ್ಚುವ ಎಂಬೊಲೈಸೇಶನ್ 1990ರ ದಶಕದಿಂದ ಬಳಕೆಯಲ್ಲಿದೆ; ಗಡ್ಡೆ ತಿಂಗಳುಗಳಲ್ಲಿ ಕುಗ್ಗುತ್ತದೆ, ಆದರೆ ಗರ್ಭಧಾರಣೆ ಬಯಸುವವರಿಗೆ ಇದು ಮೊದಲ ಆಯ್ಕೆಯಲ್ಲ.

ಗರ್ಭಕೋಶವನ್ನೇ ತೆಗೆಯುವ ಹಿಸ್ಟರೆಕ್ಟಮಿಯಿಂದ ಮುಟ್ಟೂ ನಿಲ್ಲುತ್ತದೆ, ಗಡ್ಡೆ ಮರುಕಳಿಸುವ ಭಯವೂ ಇರದು. ಮಕ್ಕಳು ಬೇಡವೆಂದು ನಿಶ್ಚಯಿಸಿದ, ತೊಂದರೆ ತೀವ್ರವಾಗಿರುವ ಮಹಿಳೆಗೆ ಇದು ಸೂಕ್ತವೇ. ತೊಂದರೆಯಿಲ್ಲದ ಗಡ್ಡೆಗೆ ‘ಮುಂದೆ ಕಷ್ಟವಾದೀತು’ ಎಂಬ ಒಂದೇ ಕಾರಣ ಕೊಟ್ಟರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಲೇಸು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ಅಂಡಾಶಯಗಳನ್ನು ಉಳಿಸುತ್ತಾರೆಯೇ ಎಂದು ಕೇಳಲೇಬೇಕು. ಉಳಿಸಿದರೆ ಹಾರ್ಮೋನುಗಳ ಉತ್ಪಾದನೆ ಮುಂದುವರಿಯುತ್ತದೆ. ಎರಡನ್ನೂ ತೆಗೆದರೆ, ವಯಸ್ಸು ನಲವತ್ತೇ ಆಗಿದ್ದರೂ, ಋತುಬಂಧದ ಬಿಸಿಯುಬ್ಬರ ಮತ್ತು ಮೂಳೆ ಸವೆತ ಆಗಿನಿಂದಲೇ ಆರಂಭವಾಗುತ್ತವೆ.