ಕಾಯಿಲೆ ಬಿದ್ದ ಬೆಟ್ಟಾ ಮೀನಿಗೆ ಮೊದಲು ನೀರು, ಆಮೇಲೆ ಮದ್ದು

ಫೈಟರ್ ಮೀನು ಎಂದು ಕರೆಯುವ ಬೆಟ್ಟಾ ಊಟ ಬಿಟ್ಟು ತಳ ಹಿಡಿದು ಮಲಗಿತೆಂದರೆ ಈಗಿನ ಮಕ್ಕಳು ಮೊದಲು ಓಡುವುದು ಔಷಧದಂಗಡಿಗೆ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಬಿಚ್ಚಿ ಅದರ ಪುಡಿಯನ್ನು ಉದುರಿಸುತ್ತಾರೆ, ಅದರ ಮೇಲೆ ಮಿಥಿಲೀನ್ ಬ್ಲೂ ಹನಿಸುತ್ತಾರೆ, ಅದೂ ಸಾಲದೆಂದು ಅಡುಗೆಮನೆಯ ಅರಿಶಿನವನ್ನು ಚಮಚಗಟ್ಟಲೆ ಸುರಿಯುತ್ತಾರೆ. ಮರುದಿನ ಮೀನು ಸತ್ತು ತೇಲಿದಾಗ ‘ಎಲ್ಲಾ ಮಾಡಿದೆವು, ಉಳಿಯಲಿಲ್ಲ’ ಎನ್ನುತ್ತಾರೆ. ಎಲ್ಲವನ್ನೂ ಒಟ್ಟಿಗೆ ಮಾಡಿದ್ದರಿಂದಲೇ ಉಳಿಯಲಿಲ್ಲ. ಮನೆಯಲ್ಲಿ ಸಾಕಿದ ಬೆಟ್ಟಾಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಕೊಳಕು ನೀರಿನಿಂದಲೋ ಚಳಿಯಿಂದಲೋ ಹತ್ತಿದವು. ಅವೆರಡನ್ನು ಸರಿಪಡಿಸದೆ ಯಾವ ಮದ್ದು ಹಾಕಿದರೂ ಪ್ರಯೋಜನವಿಲ್ಲ.

ಈ ಮೀನಿನ ತವರು ಥಾಯ್ಲೆಂಡಿನ ಗದ್ದೆ ಬಯಲುಗಳು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಆಳವಿಲ್ಲದ, ಎಲೆ ಕೊಳೆತು ಕಂದಾದ, ಬೆಚ್ಚನೆಯ ನೀರು ಅದರ ಮೈಗೆ ಒಗ್ಗಿದ್ದು. ಕಿವಿರಿನ ಜೊತೆಗೆ ತಲೆಯೊಳಗೆ ಗಾಳಿಯನ್ನೇ ಉಸಿರಾಡುವ ಇನ್ನೊಂದು ಅಂಗವೂ ಅದಕ್ಕಿರುವುದರಿಂದ ಆಗಾಗ ಮೇಲೆ ಬಂದು ಗುಟುಕು ಗಾಳಿ ಕುಡಿಯುತ್ತದೆ. ಇದೊಂದನ್ನೇ ನೆಪ ಮಾಡಿಕೊಂಡು ಅಂಗಡಿಯವರು ‘ಫೈಟರ್ ಮೀನು ಲೋಟದಲ್ಲೂ ಬದುಕುತ್ತದೆ’ ಎಂದು ಮಾರುತ್ತಾರೆ, ಕೊಳ್ಳುವವರು ನಂಬುತ್ತಾರೆ. ಗಾಳಿ ಮೇಲಿನಿಂದ ಸಿಕ್ಕರೂ ಅದರ ಹೇಲು ಮತ್ತು ತಿಂದು ಬಿಟ್ಟ ಕಾಳು ನೀರಿನಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ಆ ಅಮೋನಿಯಾ ಕಿವಿರನ್ನು ಸುಡುತ್ತದೆ. ಹದಿನೈದು ಇಪ್ಪತ್ತು ಲೀಟರಿನ ತೊಟ್ಟಿ, 25ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ, ಮೆಲ್ಲಗೆ ಓಡುವ ಫಿಲ್ಟರು ಇಷ್ಟಿಲ್ಲದೆ ಬೆಟ್ಟಾ ತರಬಾರದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಚಳಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಾವು ಕಂಬಳಿ ಹೊದ್ದು ಮಲಗಿರುವಾಗ ಕಿಟಕಿಯ ಪಕ್ಕದ ಗಾಜಿನ ಬುರುಡೆಯಲ್ಲಿ ಆ ಜೀವ ನಡುಗುತ್ತಿರುತ್ತದೆ. ಸಣ್ಣ ಹೀಟರಿಗೆ ಹಣವಿಲ್ಲ ಎನ್ನುವವರು ಆ ಮೀನಿಗೆ ಬಣ್ಣದ ಪ್ಲಾಸ್ಟಿಕ್ ಕೋಟೆ ಕೊಂಡಿರುತ್ತಾರೆ.

ಮೀನು ಸೊರಗಿದ್ದು ಕಂಡ ಕೂಡಲೇ ಅದನ್ನು ನಾಲ್ಕೈದು ಲೀಟರು ಹಿಡಿಯುವ ಬೇರೆ ಪಾತ್ರೆಗೆ ಬದಲಿಸಿ. ನೀರು ಒಂದು ಗೇಣಿಗಿಂತ ಕಡಿಮೆ ಎತ್ತರವಿರಲಿ, ನಿತ್ರಾಣವಾದ ಮೀನು ಗಾಳಿಗಾಗಿ ಮೇಲೇರಲು ಶ್ರಮ ಪಡಬಾರದು. ಮೇಲೆ ಮುಚ್ಚಳ ಬೇಕು, ಏಕೆಂದರೆ ಕಾಯಿಲೆಯಲ್ಲೂ ಅದು ನೆಗೆಯುತ್ತದೆ. ನಲ್ಲಿಯ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ಆರ್‌ಒ ನೀರನ್ನಷ್ಟೇ ಹಾಕಬೇಡಿ, ಅದರಲ್ಲಿ ಮೀನಿಗೆ ಬೇಕಾದ ಲವಣಗಳಿರುವುದಿಲ್ಲ. ಬದಲಿಸುವ ನೀರು ಹಳೆಯ ನೀರಿನಷ್ಟೇ ಬೆಚ್ಚಗಿದೆಯೇ ಎಂಬುದನ್ನು ಮಣಿಕಟ್ಟು ಅದ್ದಿ ನೋಡಿ. ಈ ಪಾತ್ರೆಯಲ್ಲಿ ಫಿಲ್ಟರು ಇರದ ಕಾರಣ ದಿನವೂ ಅರ್ಧದಷ್ಟು ನೀರು ಬದಲಿಸಲೇಬೇಕು. ದೊಡ್ಡ ತೊಟ್ಟಿಯಲ್ಲಾದರೆ ಪೂರ್ತಿ ನೀರು ಚೆಲ್ಲುವ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆಯುವ ಅತಿಮಡಿ ಬೇಡ. ಅಮೋನಿಯಾವನ್ನು ಕರಗಿಸುವ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲೇ ಇರುತ್ತವೆ. ಮೀನಿನ ಬಕೆಟ್ಟು, ಮಗ್ಗು, ಸೋಸುವ ಬಟ್ಟೆ ಬೇರೆಯೇ ಇರಲಿ, ಅವಕ್ಕೆ ಸೋಪು ಸೋಕಬಾರದು.

ಇನ್ನು ನಾನು ಯಾರು ಏನೆಂದರೂ ಬಿಡದ ಒಂದು ಕ್ರಮವಿದೆ: ಕಾಡು ಬಾದಾಮಿಯ ಎಲೆಯ ಕಷಾಯ. ಥಾಯ್ಲೆಂಡಿನಲ್ಲಿ ಬೆಟ್ಟಾ ಸಾಕುವವರು ತಲೆಮಾರುಗಳಿಂದ ಬಳಸುವುದೂ ಇದೇ ಎಲೆಯನ್ನು, ಆ ಮರ ನಮ್ಮ ಬೀದಿಗಳಲ್ಲೇ ಕೊಡೆ ಬಿಡಿಸಿ ನಿಂತಿದೆ. ನಮ್ಮ ಯಜಮಾನರು ಶಿವಮೊಗ್ಗದ ಕ್ವಾರ್ಟರ್ಸಿನಲ್ಲಿದ್ದಾಗ ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿದ ಹಳೆಯ ಕಾಲದ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುತ್ತಿದ್ದರು. ಬೆಳಗಿನ ವಾಕಿಂಗಿನಿಂದ ಬರುವಾಗ ಜುಬ್ಬದ ಜೇಬಿನ ತುಂಬ ಈ ಎಲೆಗಳನ್ನು ತುಂಬಿಕೊಂಡು ಬರುತ್ತಿದ್ದರು, ಆರಿಸುವ ಕೆಲಸ ನನ್ನದು. ಮರದಿಂದ ಕಿತ್ತ ಹಸಿರೆಲೆ ಕೂಡದು, ಅದು ನೀರಿನಲ್ಲಿ ಕೊಳೆತು ನಾರುತ್ತದೆ. ತಾನಾಗಿ ಕೆಂಪೇರಿ ಉದುರಿ, ಕಂದಾಗಿ ಒಣಗಿದ ಎಲೆಯೇ ಬೇಕು. ಚರಂಡಿಯ ಪಕ್ಕದ್ದು, ವಾಹನದ ಹೊಗೆ ಕುಡಿದದ್ದು, ಔಷಧ ಸಿಂಪಡಿಸಿದ ತೋಟದ್ದು ಬೇಡ. ಎಲೆಯ ಎರಡೂ ಮಗ್ಗುಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೊಟ್ಟು ಮುರಿದು, ನೆರಳಿನಲ್ಲಿ ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಹಿಡಿದು ಮಡಿಸಿದರೆ ಬಾಗದೆ ‘ಚಟ್’ ಎಂದು ಮುರಿಯುವವರೆಗೂ ಒಣಗಲಿ. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೂಷ್ಟು ಹಿಡಿದ ಮೇಲೆ ಮೀನಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಗದದ ಚೀಲದಲ್ಲಿಡಿ, ವರ್ಷವಿಡೀ ಬರುತ್ತದೆ. ಬೇಕಾದಾಗ ಅಂಗೈಯಗಲದ ಎಲೆಯೊಂದನ್ನು ಕೈಯಲ್ಲೇ ಮುರಿದು, ಸ್ಟೀಲು ಪಾತ್ರೆಯಲ್ಲಿ ಹಾಕಿ, ಕುದಿಯುವ ನೀರು ಹೊಯ್ದು ಮುಚ್ಚಿಡಿ. ಒಲೆಯ ಮೇಲಿಟ್ಟು ಕುದಿಸಬೇಕಿಲ್ಲ. ರಾತ್ರಿ ಕಳೆದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಪೂರ್ತಿ ತಣಿದ ಮೇಲೆ ಒಂದೊಂದೇ ಸೌಟಿನಂತೆ, ನಡುವೆ ಗಂಟೆಗಟ್ಟಲೆ ಬಿಡುವು ಕೊಟ್ಟು ಮೀನಿನ ಪಾತ್ರೆಗೆ ಸೇರಿಸುತ್ತಾ ಹೋಗಿ. ನೀರು ಹಾಲು ಹಾಕದ ತೆಳು ಚಹಾದ ಬಣ್ಣಕ್ಕೆ ಬಂದು, ತಳ ಇನ್ನೂ ಕಾಣುತ್ತಿರುವಾಗಲೇ ನಿಲ್ಲಿಸಿ. ಎಲೆಯಲ್ಲಿರುವ ಟ್ಯಾನಿನ್ ನೀರನ್ನು ತುಸು ಹುಳಿಯ ಕಡೆಗೆ ತಿರುಗಿಸುತ್ತದೆ, ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವುದನ್ನು ಅಷ್ಟಿಷ್ಟು ತಡೆಯುತ್ತದೆ, ಬೆಳಕನ್ನೂ ಮಂದ ಮಾಡಿ ಮೀನಿನ ಗಾಬರಿ ಇಳಿಸುತ್ತದೆ. ಒಂದು ಎಲೆಯನ್ನು ಹಾಗೆಯೇ ನೀರಿಗೂ ಬಿಡಿ. ಸುಸ್ತಾದ ಬೆಟ್ಟಾ ಅದರ ಮೇಲೆ ಹೊಟ್ಟೆಯಿಟ್ಟು ಮಲಗುತ್ತದೆ. ಎಲೆ ಲೋಳೆಗಟ್ಟಿದರೆ ಬದಲಿಸಿ.

ರೆಕ್ಕೆಯ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಕರಗುತ್ತಿದ್ದರೆ ಅದು ರೆಕ್ಕೆ ಕೊಳೆ. ಹೊಸದಾಗಿ ಹತ್ತಿದ್ದರೆ ಸ್ವಚ್ಛ ನೀರು, ಎಲೆ ಮತ್ತು ಅಯೋಡಿನ್ ಬೆರೆಸದ ಕಲ್ಲುಪ್ಪು ಸಾಕು. ನಾಲ್ಕು ಲೀಟರಿಗೆ ಗುಡ್ಡೆಯಾಗದ ಒಂದು ಟೀ ಚಮಚ ಉಪ್ಪನ್ನು ಲೋಟದಲ್ಲಿ ಕರಗಿಸಿ ಬೆರೆಸಿ. ಅರ್ಧ ನೀರು ಬದಲಿಸಿದಾಗ ಅರ್ಧ ಉಪ್ಪನ್ನಷ್ಟೇ ಮತ್ತೆ ಹಾಕಬೇಕು, ವಾರ ಹತ್ತು ದಿನ ದಾಟಿಸಬಾರದು. ಮೈಮೇಲೆ ಬಿಳಿ ಚುಕ್ಕೆ ಎದ್ದಿದ್ದರೆ ಅದು ಪರೋಪಜೀವಿ. ಮೈಗೆ ಅಂಟಿಕೊಂಡಿರುವಾಗ ಮದ್ದು ಅದಕ್ಕೆ ತಾಗುವುದಿಲ್ಲ, ಕಳಚಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಬಿಳಿ ಚುಕ್ಕೆಗೆ ಹಾಕುವ ಔಷಧವನ್ನು ಚುಕ್ಕೆ ಮಾಯವಾದ ದಿನವೇ ನಿಲ್ಲಿಸಬೇಡಿ. ಮೀನು ಮೊದಲಿದ್ದ ತೊಟ್ಟಿಯನ್ನೂ ನೋಡಿಕೊಳ್ಳಬೇಕು, ರೋಗ ಅಲ್ಲಿಯೂ ಇರುತ್ತದೆ.

ಹೊಟ್ಟೆ ಉಬ್ಬಿ ಓರೆಯಾಗಿ ತೇಲುತ್ತಿದ್ದರೆ ಹೆಚ್ಚಿನ ಸಲ ಅದು ಅತಿ ಊಟದ ಫಲ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಮೀನು. ಬಟಾಣಿ ಬೇಯಿಸಿ ತುರುಕಬೇಡಿ. ಒಂದೆರಡು ದಿನ ಏನನ್ನೂ ಕೊಡದೆ, ಕಲ್ಲುಪ್ಪಿಗೆ ಹೇಳಿದ ಅಳತೆಯಲ್ಲೇ ಎಪ್ಸಮ್ ಉಪ್ಪು (ಮೆಗ್ನೀಸಿಯಮ್ ಸಲ್ಫೇಟ್) ಬೆರೆಸಿ ನೋಡಿ. ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ ಮಾತ್ರ ಒಳಗಿನ ಅಂಗಗಳೇ ಸೋತಿವೆ ಎಂದರ್ಥ. ಆಗ ಉಳಿಯುವುದು ಅಪರೂಪ. ಕಲ್ಲುಪ್ಪು ಬಾವನ್ನು ಹೆಚ್ಚಿಸಬಹುದಾದ್ದರಿಂದ ಅದನ್ನು ಹಾಕದೆ, ಮೀನು ನೋಡುವ ಪಶುವೈದ್ಯರು ಸಿಕ್ಕರೆ ತಡ ಮಾಡದೆ ಕೇಳಿ. ಕೈಯಲ್ಲಿ ಗಾಯವಿದ್ದಾಗ ಈ ನೀರಿಗೆ ಕೈಯಿಡಬೇಡಿ, ಪೈಪನ್ನು ಬಾಯಲ್ಲಿ ಎಳೆದು ನೀರು ತೆಗೆಯಲೂ ಬೇಡಿ.

ಮೀನು ಕಾಳು ಕಂಡೊಡನೆ ಮೇಲೆ ಬಂದು, ರೆಕ್ಕೆ ಬಿಡಿಸಿ ಈಜತೊಡಗಿದ ಮೇಲೂ ಕೆಲವು ದಿನ ಆ ಪಾತ್ರೆಯಲ್ಲೇ ಇಟ್ಟು, ಉಪ್ಪಿಲ್ಲದ ನೀರನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಬಂದು ಆಮೇಲೆ ತೊಟ್ಟಿಗೆ ಬಿಡಿ. ಚೆಲ್ಲುವ ನೀರಿನಲ್ಲಿ ಬರೀ ಎಲೆಯ ಕಷಾಯವಿದ್ದರೆ ದಾಸವಾಳದ ಬುಡಕ್ಕೆ ಹೊಯ್ಯಬಹುದು, ಕಲ್ಲುಪ್ಪು ಬೆರೆತಿದ್ದರೆ ಬಚ್ಚಲಿಗೇ ಚೆಲ್ಲಬೇಕು.