ಬಿಚ್ಚಲು ಬರುವ ಬ್ಯಾಟರಿ ಪ್ಯಾಕ್: ನನ್ನ ಅನುಭವ

ಕೆಲವೇ ನೂರು ಸಾಲು ಡೇಟಾದಲ್ಲಿ ಮಷೀನ್ ಲರ್ನಿಂಗ್ ಆಗುವುದಿಲ್ಲ ಅಂತ ನಮ್ಮ ಡಿಸೈನ್ ಟೀಮಿನಲ್ಲೇ ಹೇಳಿದವರಿದ್ದರು. ಆಗುತ್ತದೆ. ಬ್ಯಾಟರಿ ಪ್ಯಾಕ್ ಬಿಚ್ಚಲು ಎಷ್ಟು ಸಮಯ ಹಿಡಿಯುತ್ತದೆ ಅಂತ ಡಿಸೈನ್ ನೋಡಿಯೇ ಅಂದಾಜಿಸುವ ಮಾಡೆಲ್ ಮಾಡಿದೆವು. ಅದು ಹೇಳಿದಂತೆ ಬದಲಾಯಿಸಿದ ನಮ್ಮ 48 ವೋಲ್ಟ್ ಸ್ಕೂಟರ್ ಪ್ಯಾಕ್‌ಗಳಲ್ಲಿ ಕೆಲವು ಒಂದು ಮಳೆಗಾಲ ಕಳೆದು ವಾರಂಟಿಗೆ ವಾಪಸ್ ಬಂದವು. ಪೀಣ್ಯದ ನಮ್ಮ ಶೆಡ್‌ನಲ್ಲೇ ಬಿಚ್ಚಿಸಿದೆವು. ಹಳೆಯ ಡಿಸೈನಿನ ಪ್ಯಾಕ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಇವು ಹದಿನೈದು ಹದಿನಾರು ನಿಮಿಷಕ್ಕೆ ಸೆಲ್ ಮಟ್ಟಕ್ಕೆ ಬಂದವು.

ಪ್ಯಾಕ್ ಬಿಚ್ಚಲು ಬಿಡದ ಅಂಟಿನ ಕಾಟ ಶುರುವಾದದ್ದು ಹೀಗೆ. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ವಿದ್ಯುತ್ ವಾಹನಗಳ ಬ್ಯಾಟರಿ ಸುರಕ್ಷತೆಯ ಮಾನದಂಡ ಎಐಎಸ್-156 ಬಿಗಿಯಾಯಿತು. ನೀರಿನ ಟೆಸ್ಟ್ ಪಾಸಾಗಲು ಹಲವರು ಸಿಲಿಕೋನ್ ಅಂಟು ಸುರಿದರು, ನಾವೂ ಸುರಿದೆವು. ಅದೇ ವರ್ಷ ಬಂದ ಬ್ಯಾಟರಿ ತ್ಯಾಜ್ಯ ನಿಯಮ, ಸತ್ತ ಪ್ಯಾಕ್‌ನ ಹೊಣೆ ತಯಾರಕರದ್ದೇ ಎಂದಿತು. ಅಂಟಿಸಿದ ಪ್ಯಾಕ್ ನೇರ ಪುಡಿ ಮಾಡುವ ಮಷೀನಿಗೆ ಹೋಗುತ್ತದೆ. ಬಿಚ್ಚಲು ಬಂದರೆ ಒಳಗಿನ ನೂರು ಚಿಲ್ಲರೆ ಸೆಲ್‌ಗಳಲ್ಲಿ ಅರವತ್ತು ಎಪ್ಪತ್ತಾದರೂ ಸೋಲಾರ್ ದೀಪಕ್ಕೋ ಸಣ್ಣ ಇನ್ವರ್ಟರ್‌ಗೋ ಆಗುತ್ತವೆ. ಸೆಲ್‌ಗೆ ಐವತ್ತು ರೂಪಾಯಿ ಹಿಡಿದರೂ ಪ್ಯಾಕ್‌ಗೆ ಮೂರು ಸಾವಿರದ ಮೇಲಾಯಿತು.

ಮಾಡೆಲ್‌ಗೆ ಮೊದಲು ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಹಿಡಿದೆವು, ಅಂದರೆ ಬಿಂದುಗಳೂ ಅವುಗಳ ನಡುವಿನ ಕೊಂಡಿಗಳೂ ಇರುವ ಜಾಲದಿಂದ ಕಲಿಯುವ ಮಾಡೆಲ್. ಕಂಪ್ಯೂಟರ್ ಡಿಸೈನಿನಲ್ಲಿರುವ ಭಾಗಗಳು ಬಿಂದುಗಳು, ಅವನ್ನು ಜೋಡಿಸುವ ಸ್ಕ್ರೂ ಮತ್ತು ಅಂಟು ಕೊಂಡಿಗಳು. ನೋಡಲು ಚೆನ್ನಾಗಿತ್ತು. ಆದರೆ ಬೇರೆ ತಯಾರಕರ ಪ್ಯಾಕ್ ಕೊಟ್ಟರೆ ಕಣ್ಣಂದಾಜಿಗಿಂತ ಕಡೆ. ಜಿಪಿಯು ಬಾಡಿಗೆಗೇ ಮೂವತ್ತು ಸಾವಿರದ ಹತ್ತಿರ ಹೋಯಿತು. ಆಮೇಲೆ ಬೆಲ್ಜಿಯಂನ ಲ್ಯೂವೆನ್‌ನವರ, ಬಿಚ್ಚುವುದು ಎಷ್ಟು ಸುಲಭ ಅಂತ ಅಳೆಯುವ ಇಡಿಐಎಂ ಪಟ್ಟಿ ತೆಗೆದುಕೊಂಡೆವು. ಪ್ರತಿ ಕ್ರಿಯೆಗೂ ಇಷ್ಟು ಸೆಕೆಂಡ್ ಅಂತ ಅದರಲ್ಲಿದೆ. ಹೊಸ ಪ್ಯಾಕ್‌ಗೆ ಹತ್ತಿರ ಹತ್ತಿರ ಸರಿ ಬಂತು. ತುಕ್ಕು ಹಿಡಿದ ಸ್ಕ್ರೂ, ಗಟ್ಟಿಯಾದ ಅಂಟು, ತಲೆ ಸವೆದ ಫಿಲಿಪ್ಸ್ (ಪ್ಲಸ್ ಗುರುತಿನ) ಸ್ಕ್ರೂ ಇದ್ದ ಹಳೆಯದಕ್ಕೆ ಅರ್ಧಕ್ಕರ್ಧ ತಪ್ಪು.

ಕೆಲಸ ಮಾಡಿದ್ದು ಎರಡನ್ನೂ ಬೆಸೆದ ದಾರಿ. ಪೂರ್ತಿ ಸಮಯವನ್ನು ಮಾಡೆಲ್ ಕಲಿಯಬೇಕಾಗಿಲ್ಲ. ಪಟ್ಟಿ ಹೇಳಿದ್ದಕ್ಕೂ ನಿಜಕ್ಕೂ ಇರುವ ಅನುಪಾತವನ್ನಷ್ಟೇ ಕಲಿತರೆ ಸಾಕು. ಇಷ್ಟಕ್ಕೆ ಲ್ಯಾಪ್‌ಟಾಪ್, ಸಣ್ಣ ಸಣ್ಣ ನಿರ್ಧಾರ ಮರಗಳನ್ನು ಒಂದರ ಮೇಲೊಂದು ಜೋಡಿಸುವ ಗ್ರೇಡಿಯಂಟ್ ಬೂಸ್ಟಿಂಗ್ ವಿಧಾನ, ಕೆಲವು ನೂರು ಸಾಲು ಸಾಲುತ್ತವೆ. ಮಾಡೆಲ್‌ನ ಟೆಸ್ಟ್‌ಗೆ ಇಡೀ ಪ್ಯಾಕನ್ನೇ ಎತ್ತಿಡಿ, ಬಿಡಿ ಸಾಲುಗಳನ್ನಲ್ಲ. ಡೇಟಾ ಮಾತ್ರ ಹಳೆಯ ಪ್ಯಾಕ್‌ನದೇ ಇರಬೇಕು. ಗುಜರಿಯಿಂದ ತಂದು ಡಿಸ್ಚಾರ್ಜ್ ಮಾಡಿ, ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿದೆವು. ಬಿಚ್ಚುವವರಿಗೆ ಪೀಸ್ ಲೆಕ್ಕದಲ್ಲಿ ಅಲ್ಲ, ದಿನಗೂಲಿ ಕೊಟ್ಟೆವು. ಪೀಸ್ ಲೆಕ್ಕ ಅಂದರೆ ಸುತ್ತಿಗೆ ಬರುತ್ತದೆ, ಸೆಲ್ ಜಜ್ಜುತ್ತದೆ, ಅಳತೆಯೂ ಹಾಳು. ಸ್ಕ್ರೂ ತಲೆ, ಆಳ, ಟೂಲ್ ಬದಲಾವಣೆ, ಅಂಟಿನ ವಿಸ್ತೀರ್ಣ, ಪ್ಯಾಕ್ ಕಂಡ ಮಳೆಗಾಲಗಳು ಎಲ್ಲ ಫೀಚರ್, ಅಂದರೆ ಮಾಡೆಲ್ ನೋಡುವ ಅಂಶಗಳು, ಆದವು. ಇನ್ನೊಂದು ಫೀಚರ್ ಇದೆ, ನಿಖರತೆ ನಿಜವಾಗಿ ಏರಿದ್ದು ಅದರಿಂದ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಿಚ್ಚುವವರ ಎಡಗೈ ನೋಡುತ್ತಾ ಕೂತರೆ ನಿಮಗೂ ಹೊಳೆಯುತ್ತದೆ.

ಮಾಡೆಲನ್ನು ಆಪ್ಟ್ಯೂನಾ ಎಂಬ, ಒಳ್ಳೆಯ ಆಯ್ಕೆ ಹುಡುಕುವ ಸಾಫ್ಟ್‌ವೇರ್‌ಗೆ ಜೋಡಿಸಿ ವೈಬ್ರೇಷನ್, ನೀರು, ಬೆಲೆಯ ಮಿತಿ ಕೊಟ್ಟೆವು. ಹೊಸ ಪ್ಯಾಕ್‌ಗಳ ಡೇಟಾದಲ್ಲಿ ಓಡಿಸಿದಾಗ ಅದು ಡಿಸೈನಿನಲ್ಲಿ ಸ್ಕ್ರೂ ಎಲ್ಲ ಕಿತ್ತು ಒತ್ತಿ ಕೂರಿಸುವ ಸ್ನ್ಯಾಪ್ ಕೊಂಡಿ ಹಾಕಿತು. ಹಳೆಯ ಡೇಟಾ ಸೇರಿಸಿದ ಮೇಲೆ ಮತ್ತೆ ಸ್ಕ್ರೂಗೇ ಬಂತು. ಬಿಸಿಲು ತಿಂದ ಪ್ಲಾಸ್ಟಿಕ್ ಸ್ನ್ಯಾಪ್ ಬಿಚ್ಚಲು ಹೋದರೆ ಮುರಿಯುತ್ತದೆ, ಅಲ್ವಾ? ಮೂರು ನಮೂನೆಯ ಇಪ್ಪತ್ತೆರಡು ಸ್ಕ್ರೂ ಇದ್ದ ಜಾಗದಲ್ಲಿ ಈಗ ಒಂದೇ ಬದಿಯಿಂದ ಬಿಚ್ಚುವ ಹತ್ತು ಟಾರ್ಕ್ಸ್ (ನಕ್ಷತ್ರಾಕಾರದ ತಲೆಯ) ಸ್ಕ್ರೂ. ಸಿಲಿಕೋನ್ ಬದಲು ಗ್ಯಾಸ್ಕೆಟ್. ಆದರೆ ಸಮಯ ಜಾಸ್ತಿ ತಿನ್ನುತ್ತಿದ್ದದ್ದು ಮುಚ್ಚಳ ಅಲ್ಲವೇ ಅಲ್ಲ. ಬ್ಯಾಟರಿಯನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್‌ನ, ಸೆಲ್‌ಗಳ ವೋಲ್ಟೇಜ್ ಅಳೆಯುವ ಸೆನ್ಸ್ ವೈರ್‌ಗಳಿಗೆ ಹಾಕಿದ ಹಾಟ್ ಗ್ಲೂ! ಕರೆಂಟ್ ಉಳಿದಿರಬಹುದಾದ ಸೆಲ್‌ಗಳ ಮೇಲೆ ಒಂದೊಂದೇ ವೈರ್ ಕೆರೆಯಬೇಕಿತ್ತು. ಅನುಭವಿಗಳೆಲ್ಲ ಮುಚ್ಚಳ ಅಂತ ವಾದಿಸುತ್ತಿದ್ದಾಗ ಮಾಡೆಲ್ ಇದನ್ನು ತೋರಿಸಿತು. ಲಾಕ್ ಇರುವ ಕನೆಕ್ಟರ್ ಹಾಕಿದೆವು, ಉಳಿತಾಯದ ದೊಡ್ಡ ಪಾಲು ಅಲ್ಲೇ ಬಂತು. ಎಲ್ಲ ಸೇರಿ ಪ್ಯಾಕ್‌ಗೆ ನೂರು ನೂರಿಪ್ಪತ್ತು ರೂಪಾಯಿ ಜಾಸ್ತಿ ಖರ್ಚು.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಅಂಟಿನ ಸಾಲಿನೊಳಗೆ ನಿಕ್ರೋಮ್ ತಂತಿ ಹೂತು, ಕರೆಂಟ್ ಹರಿಸಿ ಬಿಸಿ ಮಾಡಿದರೆ ಮುಚ್ಚಳ ತಾನೇ ಬಿಡುತ್ತದೆ. ಖಾಲಿ ಡಬ್ಬಿಯಲ್ಲಿ ಸೊಗಸಾಗಿ ಬಿಟ್ಟಿತು. ಲಿಥಿಯಂ ಸೆಲ್ ಪಕ್ಕದಲ್ಲಿ ಶಾಖ ಬೇಡ ಅಂತ ಸೇಫ್ಟಿಯವರು ತಡೆದರು, ಅವರದು ಸರಿ. ಕ್ಯಾಮೆರಾ ಬಾಕ್ಸ್‌ನಂಥ ಸೆಲ್ ಇಲ್ಲದ ವಸ್ತುಗಳಿಗೆ ಅದು ನಡೆಯಬಹುದು.

ಸೆಲ್‌ಗಳನ್ನು ನಿಕಲ್ ಪಟ್ಟಿಗೆ ಚುಕ್ಕೆ ಚುಕ್ಕೆಯಾಗಿ ಬೆಸೆಯುವ ಸ್ಪಾಟ್ ವೆಲ್ಡ್ ಮಾತ್ರ ಇನ್ನೂ ಬಗೆಹರಿದಿಲ್ಲ. ನಿಕಲ್ ಪಟ್ಟಿ ಎಳೆದರೆ ಕೆಲವೊಮ್ಮೆ ಸೆಲ್‌ನ ಡಬ್ಬಿಯೇ ತೂತಾಗುತ್ತದೆ. ಮಾಡೆಲ್ ಅಲ್ಲಿ ಸ್ಪ್ರಿಂಗ್ ಕಾಂಟ್ಯಾಕ್ಟ್ ಸೂಚಿಸಿತು, ಆದರೆ ವೈಬ್ರೇಷನ್ ಟೇಬಲ್ ಮೇಲೆ ಅದರ ರೆಸಿಸ್ಟೆನ್ಸ್ ಏರುತ್ತಾ ಹೋಯಿತು. ಸದ್ಯ ಪಟ್ಟಿಯ ಆಕಾರ ಬದಲಿಸಿ ಒಂದು ತುದಿಯಿಂದ ಸುಲಿಯುವಂತೆ ಮಾಡಿದ್ದೇವೆ. ಆ ಆಕಾರದ ಅಳತೆ ನಮ್ಮಲ್ಲೇ ಇರಲಿ. ಮುಂದಿನದು ಎಪಾಕ್ಸಿ ತುಂಬಿದ ಮೋಟಾರ್ ಕಂಟ್ರೋಲರ್. ಅದಕ್ಕೆ ಈ ಮಾಡೆಲ್ ಹೇಳುವ ಸಮಯ ನಂಬುವಂತಿಲ್ಲ, ಹಾಗಾಗಿ ವಿಡಿಯೋ ಕೆಲಸ ಮೊದಲಿಂದ ಶುರು ಮಾಡಿದ್ದೇವೆ.